ಸೇನಬೋವನಿಂದ ಶಾನುಭೋಗನವರೆಗೆ

ಹಳೆಯ ಗುಡಿಯ ಮುಂದೆ ಶಾಸನದ ಕಲ್ಲು ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಕೊನೆಯ ಸಾಲಿಗೆ. ಮೇಲೆ ಅರಸನ ಬಿರುದಾವಳಿ, ನಡುವೆ ದತ್ತಿ ಬಿಟ್ಟ ಗದ್ದೆಯ ಎಲ್ಲೆ, ಆಮೇಲೆ ಧರ್ಮ ಕೆಡಿಸಿದವರಿಗೆ ಶಾಪ. ಅಷ್ಟೆಲ್ಲ ಆದ ಮೇಲೆ ಎಷ್ಟೋ ಕಲ್ಲುಗಳಲ್ಲಿ ಬರೆದವನ ಹೆಸರೂ ಬರುತ್ತದೆ: ಸೇನಬೋವ ಇಂಥವನು. ಊರ ಲೆಕ್ಕ ಬರೆಯುವವನಿಗೂ ಅರಸನ ಕಲ್ಲಿನಲ್ಲಿ ಜಾಗ ಸಿಕ್ಕಿತಲ್ಲ ಎಂದು ಪ್ರತಿಸಲವೂ ಹಿಗ್ಗುತ್ತೇನೆ.

ಆ ಸೇನಬೋವನೇ ಜನರ ನಾಲಿಗೆಯ ಮೇಲೆ ಸವೆಯುತ್ತ ಶಾನಭೋಗ, ಶಾನುಭೋಗ ಆದ. ಬೋವ ಹೋಗಿ ಭೋಗ ಬಂದದ್ದರಿಂದ ಸುಖವಾಗಿ ಕೂತು ಉಣ್ಣುವವನೊಬ್ಬ ಕಣ್ಣಿಗೆ ಬರುತ್ತಾನೆ. ಕೆಲಸ ಹಾಗಿರಲಿಲ್ಲ. ಯಾವ ಹೊಲ ಯಾರದು, ಏನು ಬೆಳೆದಿದ್ದಾರೆ, ಕಂದಾಯವೆಷ್ಟು, ಬಾಕಿಯೆಷ್ಟು, ಎಲ್ಲಕ್ಕೂ ಅವನ ದಫ್ತರವೇ ಆಧಾರ. ಪಟೇಲ ವಸೂಲಿ ಮಾಡಬೇಕು, ಶಾನುಭೋಗ ಬರೆದಿಡಬೇಕು. ಎ.ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’ಯಲ್ಲಿ ಹುಲಿ ಎದುರಾದಾಗಲೂ ಶಾನುಭೋಗರ ಕೈಯಲ್ಲಿ ಖಿರ್ದಿ ಪುಸ್ತಕ!

ಕಾಗದ ಕೈಗೆ ಸಿಗದ ಕಾಲದಲ್ಲಿ ಅವನು ಬರೆಯುತ್ತಿದ್ದದ್ದು ಕಡತದ ಮೇಲೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಕಪ್ಪು ಮೈಮೇಲೆ ಬಳಪದಲ್ಲಿ ಬರೆದ ಬಿಳಿಯ ಅಕ್ಷರ. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಅಕ್ಷರ ಬಾರದ ರೈತನ ಹೊಲ ಇಂಥ ಅಳಿಸಬಲ್ಲ ಗೆರೆಗಳ ಮೇಲೆ ನಿಂತಿತ್ತೆಂಬುದನ್ನು ನೆನೆದರೆ ಶಾನುಭೋಗಿಕೆಯ ತೂಕವೂ ಅದರ ಅಪಾಯವೂ ಒಟ್ಟಿಗೇ ತಿಳಿಯುತ್ತವೆ. ಬಟ್ಟೆಯ ಕಡತ ಹೋಯಿತು. ಸರ್ಕಾರಿ ಕಚೇರಿಯ ಫೈಲಿಗೆ ಇವತ್ತಿಗೂ ಅದೇ ಹೆಸರು.

ಧಾರವಾಡ, ಬೆಳಗಾವಿ ಕಡೆ ಇದೇ ಕೆಲಸದವರು ಕುಲಕರ್ಣಿ, ಬಳ್ಳಾರಿ ಕಡೆ ಕರಣಂ. ಎಲ್ಲಿಯೂ ಅಪ್ಪನಿಂದ ಮಗನಿಗೆ ಇಳಿಯುವ ಹುದ್ದೆ. ಲೇಖನಿ ಹೀಗೆ ಕೆಲವೇ ಮನೆಗಳ ಸ್ವತ್ತಾಗಿ ಉಳಿದದ್ದು ನ್ಯಾಯವಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಅದನ್ನು ಮುಗಿಸಿದ್ದು ಒಳ್ಳೆಯದೇ ಆಯಿತು. ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು.

ಹುದ್ದೆ ಹೋದರೂ ಹೆಸರನ್ನು ಯಾವ ಕಾಯ್ದೆಯೂ ಮುಟ್ಟಲಿಲ್ಲ. ಕರಾವಳಿಯಲ್ಲಿ ಶಾನಭಾಗರಿದ್ದಾರೆ, ಬಯಲುಸೀಮೆಯಲ್ಲಿ ಕುಲಕರ್ಣಿಗಳಿದ್ದಾರೆ. ಒಬ್ಬರು ಅಂಗಡಿ ನಡೆಸುತ್ತಾರೆ, ಒಬ್ಬರು ಕತೆ ಬರೆಯುತ್ತಾರೆ. ಅಂಥವರ ಪರಿಚಯವಾದಾಗಲೆಲ್ಲ, ನಿಮ್ಮ ಮನೆಯವರು ಯಾವ ಊರಿನ ಲೆಕ್ಕ ಬರೆಯುತ್ತಿದ್ದರು ಎಂದು ನಾನು ಕೇಳಿಯೇ ಕೇಳುತ್ತೇನೆ.