ಅವಸರಕ್ಕಿಂತ ಆಳ

ಮನೆಯಲ್ಲೇ ಓದುವ ಜಾಣ ಮಕ್ಕಳಿಗೆ ವಿಷಯ ಆರಿಸುವಾಗ ಹೆತ್ತವರ ಮೊದಲ ಪ್ರಶ್ನೆ, ‘ಎಷ್ಟು ಬೇಗ ಮುಗಿಸಬಹುದು?’ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು, ಪಾಸಾಗಲು 5 ವಿಷಯ ಸಾಕು. ಅಂದಮೇಲೆ ಓಡಿದರೆ ದಕ್ಕುವುದು ಅಷ್ಟಕ್ಕಷ್ಟೇ. ಉಳಿಯುವ ಸಮಯವೇ ನಿಜವಾದ ಲಾಭ. ಗಣಿತದಲ್ಲಿ ಮುಂದಿರುವ ಹುಡುಗಿಗೆ ಪಿಯುಸಿ ಕ್ಯಾಲ್ಕುಲಸ್ಸನ್ನು ಈಗಲೇ ತುರುಕುವ ಬದಲು ಸಂಖ್ಯಾಸಿದ್ಧಾಂತ ಕೊಡಿ. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂಬುದನ್ನು ತಾನೇ ಸಾಧಿಸಿ, ಒಂದು ಪುಟದಲ್ಲಿ ಕನ್ನಡದಲ್ಲೇ ಬರೆಯಲಿ. ಗಣಿತವೂ ಬಲಿಯುತ್ತದೆ, ಭಾಷೆಯೂ ಬಲಿಯುತ್ತದೆ.

‘ಹಾಗಾದರೆ ಜೆಇಇ ಗತಿ?’ ಎಂದು ಕೇಳುವವರಿದ್ದಾರೆ. ನ್ಯಾಯವೇ, ಐಐಟಿ ಸೇರಲು ಹನ್ನೆರಡನೇ ತರಗತಿ ಪಾಸಾಗಲೇಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬಿಡಬೇಡಿ. ಒಂದು ಭಾಷೆಯಂತೂ ಕಡ್ಡಾಯ. ಐದನೆಯದನ್ನಾದರೂ ಮಗುವೇ ಆರಿಸಲಿ.