ಕೊಟ್ಟೂರಿನ ತೇರಿನಿಂದ ‘ಮೃತ್ಯುಂಜಯ’ದ ಮನೆಗೆ

ಮಾಘ ಬಹುಳದಲ್ಲಿ ಕೊಟ್ಟೂರೇಶ್ವರನ ತೇರು ಎಳೆಯುವ ದಿನ ಕೊಟ್ಟೂರಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ದಾವಣಗೆರೆ, ಹರಪನಹಳ್ಳಿಗಳ ಕಡೆಯಿಂದ ಭಕ್ತರು ನಡೆದೇ ಬರುವರು. ಹಗಲು ತೇರು, ರಾತ್ರಿ ನಾಟಕ. ಈ ಸೀಮೆಯ ಜಾತ್ರೆಗಳ ವಾಡಿಕೆಯೇ ಅದು. ಧ್ವನಿವರ್ಧಕ ಬರುವ ಮುನ್ನ ಡೇರೆಯ ಹಿಂದಿನ ಸಾಲಿನವನಿಗೂ ಕೇಳುವಂತೆ ಹಾಡಬಲ್ಲವನೇ ನಟನೆನಿಸಿಕೊಳ್ಳುತ್ತಿದ್ದನು. ಅಭಿನಯ ತುಸು ಕಡಮೆಯಾದರೆ ಜನ ಸೈರಿಸಿಯಾರು, ಕಂಠ ಕಡಮೆಯಾದರೆ ಸೈರಿಸರು.

ಇಟಲಿಯವರ ಆಪೆರಾ ಎಂಬ ಗಾನನಾಟಕಕ್ಕೆ ನಮ್ಮಲ್ಲಿ ಸಮೀಪವಾದುದು ಈ ಕಂಪನಿ ನಾಟಕವೇ. ಅಲ್ಲಿಯವರು ತಮ್ಮ ಗಾಯಕರ ನೆನಪನ್ನು ಜೋಪಾನ ಮಾಡಬಲ್ಲರು. ಮಿಲಾನ್ ನಗರದ ಸ್ಕಾಲಾ ರಂಗಮಂದಿರದ ವಸ್ತುಸಂಗ್ರಹಾಲಯ ತೆರೆದುದು 1913ರಷ್ಟು ಹಿಂದೆ. ನಮ್ಮಲ್ಲಿ ಅಂಥದೇನಾದರೂ ಉಂಟೇ ಎನ್ನುವವರು ಹೊಸಪೇಟೆಯಲ್ಲಿ ರೈಲು ಹತ್ತಿ, ಕೊಪ್ಪಳ, ಗದಗ, ಹುಬ್ಬಳ್ಳಿಗಳನ್ನು ದಾಟಿ ಧಾರವಾಡದಲ್ಲಿ ಇಳಿಯಬೇಕು. ಮಲ್ಲಿಕಾರ್ಜುನ ಮನಸೂರರು ಬಾಳಿದ ‘ಮೃತ್ಯುಂಜಯ’ ಎಂಬ ಮನೆ ಈಗ ಅವರ ಸ್ಮಾರಕವಾಗಿದೆ. ತಂಬೂರಿ, ಭಾವಚಿತ್ರ, ಪ್ರಶಸ್ತಿಗಳು ಅಲ್ಲಿವೆ. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, ತೀರಿಕೊಂಡ 1992ರಲ್ಲಿಯೇ ಪದ್ಮವಿಭೂಷಣ. ಬಿರುದುಗಳ ಮಾತು ಇಷ್ಟು ಸಾಕು.

ಖಯಾಲು ಹಾಡಿದವರಿಗೂ ನಾಟಕದ ಡೇರೆಗೂ ಏನು ನಂಟು? ಧಾರವಾಡದ ನೆರೆಯ ಮನಸೂರಿನಲ್ಲಿ 1910ರ ಡಿಸೆಂಬರ್ 31ರಂದು ಹುಟ್ಟಿದ ಈ ಬಾಲಕ ಒಂಬತ್ತರ ಪ್ರಾಯದಲ್ಲಿಯೇ ರಂಗವೇರಿದನು. ಅಣ್ಣ ಬಸವರಾಜರೂ ನಾಟಕದವರೇ. ತಿರುಗುವ ಮೇಳದಲ್ಲಿ ಹಾಡುತ್ತಿದ್ದವನ ಕಂಠ ಗುರುಗಳ ಕಿವಿಗೆ ಬಿದ್ದಿತು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ, ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ ಪದ್ಧತಿ, ತರುವಾಯ ಮಂಜೀಖಾನ, ಬುರ್ಜೀಖಾನರಲ್ಲಿ ಜೈಪುರದ ಗಾಯಕಿ. ಅಪರೂಪದ ರಾಗಗಳೇ ಅವರ ನಿತ್ಯದ ಊಟವಾದುವು. ಧ್ವನಿಮುದ್ರಿಕೆಗಳಲ್ಲಿ ಆ ಪಕ್ವ ಕಂಠವನ್ನು ಇಂದಿಗೂ ಕೇಳಬಹುದು. ಡೇರೆಯಲ್ಲಿ ಹಾಡಿದ ಹುಡುಗನ ದನಿ ಮಾತ್ರ ಯಾವ ಮುದ್ರಿಕೆಗೂ ದಕ್ಕಲಿಲ್ಲ. ‘ನನ್ನ ರಸಯಾತ್ರೆ’ ಎಂಬ ಆತ್ಮಕಥೆಯನ್ನು ಅವರು ಬರೆದುದು ನಮ್ಮ ಪುಣ್ಯ.

ಅಷ್ಟು ಕೀರ್ತಿಗೆ ಏರದೆ ಡೇರೆಯಲ್ಲಿಯೇ ಆಯುಷ್ಯ ಸವೆಸಿದ ಗಾಯಕ ಗಾಯಕಿಯರ ಪಾಡೇನು? ಅವರಿಗೆ ಸ್ಮಾರಕಗಳಿಲ್ಲ, ಮನೆಯ ಟ್ರಂಕೇ ಭಂಡಾರ. ಬಣ್ಣದ ಕರಪತ್ರ, ಹಾಡಿನ ಕೈಬರಹದ ಪುಸ್ತಕ, ಮಾಸಿದ ಒಂದೆರಡು ಛಾಯಾಚಿತ್ರ, ಇಷ್ಟೇ. ಹಬ್ಬದ ಧೂಳು ಹೊಡೆಯುವಾಗ ಇವು ರದ್ದಿಯವನ ತಕ್ಕಡಿಗೆ ಬೀಳುವುದೇ ಹೆಚ್ಚು. ಕೊಟ್ಟೂರು, ಹಡಗಲಿಗಳ ಕಡೆಯ ಗೃಹಿಣಿಯರಲ್ಲಿ ನಮ್ಮ ಅರಿಕೆ ದೊಡ್ಡದೇನಲ್ಲ. ಚಿತ್ರದ ಬೆನ್ನಿಗೆ ಪೆನ್ಸಿಲಿನಿಂದ ಮೆಲ್ಲಗೆ ಹೆಸರು, ಊರು, ನಾಟಕ, ವರ್ಷಗಳನ್ನು ಬರೆದಿಡಿರಿ; ಆ ರಾಜನ ವೇಷದೊಳಗೆ ಇರುವವರು ಯಾರೆಂದು ಹೇಳಬಲ್ಲ ಅಜ್ಜಿ ಇನ್ನೂ ಮನೆಯಲ್ಲಿರುವಾಗಲೇ.