ಗಾಡಿ ಕಮ್ಮಿ ಇರೋ ದಾರಿ

ನಮ್ಮ ಆಫೀಸಿನಲ್ಲಿ ಒಂದು ಸೈಕಲ್ ಗುಂಪಿದೆ. ಶನಿವಾರ ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ನಂದಿ ಬೆಟ್ಟ ಹತ್ತಿಳಿದು, ಇಡ್ಲಿ ವಡೆ ತಿಂದು, ಬಿಸಿಲೇರೋದ್ರೊಳಗೆ ಮನೆ ಸೇರೋ ಮಂದಿ. ಇವರ ದೊಡ್ಡ ದುಃಖ ಅಂದ್ರೆ ಟ್ರಾಫಿಕ್ಕು. ಕಳೆದ ಡಿಸೆಂಬರಿನಲ್ಲಿ ಅವರಲ್ಲೊಬ್ಬ ಕೇಳಿದ, "ನಿಮ್ಮೂರ ಕಡೆ ಗುಡ್ಡ ಇದಾವಲ್ಲ, ಗಾಡಿ ಕಮ್ಮಿ ಇರೋ ರೂಟ್ ಇದ್ರೆ ಮ್ಯಾಪ್ ಮಾಡಿ ಕೊಡು. ಮೂರು ದಿನ ಬರ್ತೀವಿ."

ನಮ್ಮ ಕಡೆ ನೋಡೋಕೆ ಬರ್ತೀವಿ ಅಂದವರು ನನಗೆ ತಿಳಿದಂತೆ ಇವರೇ ಮೊದಲು. ಎಲ್ಲರೂ ಹಂಪಿವರೆಗೆ ಬರ್ತಾರೆ, ಅಲ್ಲಿಂದಲೇ ತಿರುಗಿ ಹೋಗ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂದ್ರೆ ಬೆಂಗಳೂರಿನವರಿಗೆ ರಾತ್ರಿ ಬಸ್ಸಿನ ಬೋರ್ಡು, ಅಷ್ಟೇ. ಹಾಗಾಗಿ ಖುಷಿಯಾಯ್ತು. ಸಂಕ್ರಾಂತಿಗೆ ಸೈಕಲ್ಲಿನ ಗಾಲಿ ಬಿಚ್ಚಿ ಬಸ್ಸಿನ ಡಿಕ್ಕಿಗೆ ತುರುಕಿ ಊರಿಗೆ ಹೋದೆ.

ಅಪ್ಪ ಸೈಕಲ್ಲನ್ನ ಒಂದು ಸುತ್ತು ಬಂದು, "ಎಷ್ಟಪ ಇದಕ್ಕ?" ಅಂದ. ನಿಜವಾದ ರೇಟಿನ ಅರ್ಧ ಹೇಳಿದೆ. ಆ ಅರ್ಧ ಕೇಳಿಯೇ ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು ನಿಂತ, ಕೈ ತಗುಲಿ ಏನಾದರೂ ಆದೀತು ಅನ್ನೋ ಹಾಗೆ. ಗಾಡಿ ಓಡಾಡದ ದಾರಿ ಹುಡುಕೋಕೆ ಬಂದೀನಿ ಅಂದಾಗ ನಕ್ಕುಬಿಟ್ಟ. "ಅವನ್ನ ಹುಡುಕಬೇಕೇನೋ? ಇಲ್ಲಿ ಇರೋವೆಲ್ಲ ಅವೇ."

ಎಲ್ಲವೂ ಅಲ್ಲ. ಕೂಡ್ಲಿಗಿ ಮೇಲೆ ಹೋಗೋ ಹೆದ್ದಾರಿ ಇದೆ, ಹಿಂದೆ 13 ಅಂತಿದ್ದದ್ದು, ಈಗ 50. ನಾನು ಬಿಇ ಓದುವಾಗ ಅದರ ಮೇಲೆ ಹಗಲೂ ರಾತ್ರಿ ಅದಿರಿನ ಲಾರಿಗಳು. ಹೊಸಪೇಟೆ, ಸಂಡೂರು ಕಡೆಯಿಂದ ಮಂಗಳೂರು ಬಂದರಿಗೆ ಸಾಲುಸಾಲು. ಬಸ್ಸಿಳಿದರೆ ಅಂಗಿ ಕಾಲರ್ ಕೆಂಪಾಗಿರ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆ ಸಾಲು ಕಡಿದುಹೋಯಿತು. ಈಗ ನಾಲ್ಕು ಪಥ ಆಗಿದೆ, ಕಾರುಗಳು ಹಾರಿ ಹೋಗ್ತಾವೆ. ಸೈಕಲ್ಲಿಗೆ ಅದು ಬೇಡ.

ಬೇಕಾದದ್ದು ಅದರ ಆಚೆ ಈಚೆ ಇರೋ ಸಣ್ಣ ಡಾಂಬರು ರಸ್ತೆಗಳು. ಊರಿಂದ ಊರಿಗೆ, ಒಂದೂವರೆ ಗಾಡಿ ಅಗಲ. ಕೂಡ್ಲಿಗಿಯಿಂದ ಗುಡೇಕೋಟೆ ಕಡೆ ಹೋದರೆ ಎರಡೂ ಬದಿ ಬಂಡೆಗುಡ್ಡ. ಅಲ್ಲಿ ಕರಡಿಧಾಮ ಇದೆ, ಬೆಳಕು ಹರಿಯೋ ಮುಂಚೆ ಅಲ್ಲಿ ಸೈಕಲ್ ಹತ್ತಬೇಡಿ. ರಾತ್ರಿಯೆಲ್ಲ ಹೊಲ ಮೇಯ್ದ ಕರಡಿ ಬಂಡೆ ಸಂದಿಗೆ ವಾಪಸ್ಸಾಗೋ ಹೊತ್ತು ಅದು. ಹರಪನಹಳ್ಳಿಯಿಂದ ಬಾಗಳಿಗೆ ಹೋದರೆ ಕಲ್ಲೇಶ್ವರ ಗುಡಿ, ಸಾವಿರ ವರ್ಷದ್ದು. ನಾನು ಹೋದಾಗ ಕಟ್ಟೆ ಮೇಲೆ ಒಬ್ಬ ಕುರಿ ಕಾಯೋ ಹುಡುಗ ಮಲಗಿದ್ದ, ಬೇರೆ ಯಾರೂ ಇಲ್ಲ. ಹಗರಿಬೊಮ್ಮನಹಳ್ಳಿ ಕಡೆ ಅಂಕಸಮುದ್ರ ಕೆರೆ. ನೀರಲ್ಲಿ ನಿಂತ ಜಾಲಿ ಮರಗಳ ತುಂಬ ಕೊಕ್ಕರೆ ಗೂಡು. 2024ರಲ್ಲಿ ಅದು ರಾಮ್‌ಸಾರ್ ಪಟ್ಟಿ ಸೇರಿತು. ಹಡಗಲಿ ಕಡೆ ಬೇಸಿಗೆಯಲ್ಲಿ ಹೋದರೆ ಮಲ್ಲಿಗೆ ತೋಟದ ವಾಸನೆ ಸೈಕಲ್ ಜೊತೆ ಸ್ವಲ್ಪ ದೂರ ಬರುತ್ತೆ. ಕೊಟ್ಟೂರು ತೇರು, ಮೈಲಾರದ ಕಾರಣಿಕ ಇರೋ ದಿನಗಳಲ್ಲಿ ಮಾತ್ರ ಯಾವ ದಾರಿಯೂ ಖಾಲಿ ಇರಲ್ಲ. ಪಾದಯಾತ್ರೆಯವರು, ಟ್ರ್ಯಾಕ್ಟರು, ಎತ್ತಿನ ಬಂಡಿ.

ಹರಪನಹಳ್ಳಿಯ ಮೈಲುಗಲ್ಲುಗಳ ಬಗ್ಗೆ ನನಗೊಂದು ಕನಿಕರ. ಕೂತಲ್ಲೇ ಕೂತು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋದವು, 2018ರಲ್ಲಿ ತಿರುಗಿ ಬಳ್ಳಾರಿಗೆ ಬಂದವು, 2021ರಲ್ಲಿ ಉಳಿದ ಐದು ತಾಲ್ಲೂಕಿನ ಜೊತೆ ವಿಜಯನಗರ ಜಿಲ್ಲೆಗೆ ಸೇರಿದವು. ನಾನು ಸೈಕಲ್ ತುಳಿದೂ ಅಷ್ಟು ತಿರುಗಿಲ್ಲ.

ಗುಡ್ಡ ಅಂದ ತಕ್ಷಣ ಮಲೆನಾಡಿನ ಘಾಟಿ ಅಂದ್ಕೋಬೇಡಿ. ಸಣ್ಣ ಏರು, ಸಣ್ಣ ಇಳುವು, ಮುಗಿಯೋದೇ ಇಲ್ಲ ಅನ್ನೋ ಥರ. ಆಷಾಢದಲ್ಲಿ ಪಡುವಣ ಗಾಳಿ ಎಷ್ಟು ಜೋರು ಅಂದ್ರೆ ಇಳುವಿನಲ್ಲೂ ತುಳೀಬೇಕು. ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಇನ್ನೊಂದು ಶತ್ರು ಜಾಲಿ ಮುಳ್ಳು. ಆ ಪೀಡೆ ಗಿಡಕ್ಕೆ ನಾಡಿನವರೆಲ್ಲ ನಮ್ಮ ಹೆಸರನ್ನೇ ಇಟ್ಟಿದಾರಲ್ಲ, ಬಳ್ಳಾರಿ ಜಾಲಿ ಅಂತ. ಎರಡು ಟ್ಯೂಬ್ ಇಟ್ಕೊಳ್ಳಿ, ಪಂಪೂ ನಿಮ್ಮದೇ ಇರಲಿ. ನನ್ನ ಟ್ಯೂಬಿನ ಪ್ರೆಸ್ಟಾ ವಾಲ್ವ್ ನೋಡಿ ಹಳ್ಳಿಯ ಪಂಚರ್ ಅಂಗಡಿಯವನು, "ಇದಕ್ಕ ಗಾಳಿ ಹಾಕಾಕ ಇಂಜಿನಿಯರೇ ಬೇಕು ಬಿಡ್ರಿ" ಅಂದ.

ಮೂರನೇ ದಿನ ಬಿದ್ದೆ.

ನಮ್ಮೂರಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಒಂದು ಸಣ್ಣೂರು. ಇಳುವು, ಕೊನೆಗೊಂದು ತಿರುವು, ಒಂದು ಗಾಡಿ ಎದುರಾಗಿರಲಿಲ್ಲ. ಮೊಬೈಲಿನ ಮ್ಯಾಪಿನಲ್ಲಿ ಅಷ್ಟೂ ದಾರಿಗೆ ಹಸಿರು ಬಣ್ಣ ಹಚ್ಚಿಕೊಂಡೇ ಬಂದಿದ್ದೆ. ಹಸಿರು ಅಂದ್ರೆ ಪೂರ್ತಿ ಖಾಲಿ. ತಿರುವು ದಾಟಿದರೆ ರಸ್ತೆ ತುಂಬ ಹುರುಳಿ. ಕಿತ್ತು ಒಣಗಿಸಿದ ಗಿಡಗಳನ್ನ ಡಾಂಬರಿನ ಮೇಲೆ ಹಾಸಿದ್ದರು. ಮೇಲೆ ಹುಲ್ಲಿನಂತೆ ಮೆತ್ತಗೆ, ಕೆಳಗೆ ಕಾಳು, ಗಾಲಿಗೆ ಸಣ್ಣ ಗೋಲಿಗಳಿದ್ದ ಹಾಗೆ. ಬ್ರೇಕ್ ಹಿಡಿದೆ. ಅದೇ ತಪ್ಪಾಯ್ತು. ಮೊಣಕೈ, ಮೊಣಕಾಲು ಎರಡೂ ತರಚಿದವು.

ಹುಣಸೆ ಮರದ ನೆರಳಲ್ಲಿ ಕೂತಿದ್ದ ಅಜ್ಜ ಅಜ್ಜಿ ಎದ್ದು ಬಂದರು. ನನಗೆ ಸಿಟ್ಟು ಬಂದಿತ್ತು. "ರಸ್ತಿ ಮ್ಯಾಲೆ ಯಾಕ ಹಾಕೀರಿ, ಯಾರಾದ್ರೂ ಸತ್ರೆ?" ಅಂದೆ. ತಪ್ಪು ಮಾತಲ್ಲ. ಬೈಕಿನವರು ಬಿದ್ದು ಸತ್ತಿರೋದೂ ಉಂಟು. ಆದರೆ ಪ್ರತಿ ಸುಗ್ಗಿಗೆ ನಮ್ಮಪ್ಪನೂ ಅದನ್ನೇ ಮಾಡ್ತಾನೆ, ನಾನೇ ಎಷ್ಟೋ ಸಲ ಹರವಿದೀನಿ ಅನ್ನೋದು ಅಂದ ಮೇಲೆ ನೆನಪಾಯ್ತು. ರೋಣಗಲ್ಲು ಎಳೆಯೋಕೆ ಎತ್ತಿಲ್ಲ, ಮಷಿನ್ ಕರೆಸೋಕೆ ಅಷ್ಟು ಬೆಳೆ ಇಲ್ಲ. ಕಣ ಅಂದ್ರೆ ಈಗ ಡಾಂಬರೇ.

ಅಜ್ಜಿ ಕೊಡದಿಂದ ನೀರು ಹಾಕಿ ಗಾಯ ತೊಳೆದಳು. ಅಜ್ಜ ಸೈಕಲ್ ಎತ್ತಿ ನಿಲ್ಲಿಸಿ, ಗಾಲಿ ಮುಟ್ಟಿ ನೋಡಿ ಬೇಜಾರಾದ. "ಬೆಳಗಿಂದ ಕುಂತೀವಪ. ಒಂದು ಹಾಲಿನ ಗಾಡಿ ಬಂತು, ಒಂದು ಬೈಕು ಬಂತು. ಒಂದು ಕಾಳು ಉದುರಿಲ್ಲ. ಈಗ ನೀನು ಬಂದಿ. ನಿನ್ನ ಗಾಲಿ ನೋಡಿದ್ರ ಬೊಟ್ಟಿನಷ್ಟು ಅದಾವ, ಇವೇನು ಒಕ್ಕತಾವು?"

ನಗು ಬಂತು. ನನಗೆ ಬೇಕಾದ ಖಾಲಿ ರಸ್ತೆ ಇವರಿಗೆ ಬೇಡವಾಗಿತ್ತು. "ಮೊದಲು ಹಿಂಗಿರಲಿಲ್ಲ" ಅಂದಳು ಅಜ್ಜಿ. "ಎಲ್ಲಾರೂ ಗುಳೆ ಹೋಗ್ಯಾರ. ಯಾರು ಅದಾರಂತ ಗಾಡಿ ಬರಬೇಕು?" ಊರೊಳಗೆ ನೋಡಿದೆ. ಸಾಲಿಗೆ ನಾಲ್ಕು ಮನೆಗೆ ಬೀಗ. ಕೆಲವರು ಮಲೆನಾಡಿಗೆ ಕಾಫಿ ಹಣ್ಣು ಬಿಡಿಸೋಕೆ, ಕೆಲವರು ಕಬ್ಬು ಕಡಿಯೋಕೆ, ಉಳಿದವರು ಬೆಂಗಳೂರಿಗೆ. ಅವರ ಮಗ ಸೊಸೆಯೂ ಬೆಂಗಳೂರಲ್ಲೇ, ಕಟ್ಟಡದ ಕೆಲಸ. "ಬೆಂಗಳೂರಾಗ ಎಲ್ಲಿ?" ಅಂದೆ. "ಅದೇನೋ ಕಾಡುಗೋಡಿ ಅಂತಾರಪ. ನಿನಗ ಗೊತ್ತೇನು?" ಗೊತ್ತು. ಶನಿವಾರ ನಮ್ಮ ಗುಂಪು ಸೇರೋದೇ ಆ ಕಡೆ. ತಗಡಿನ ಶೆಡ್ಡುಗಳ ಮುಂದೆ ಕತ್ತಲಲ್ಲಿ ನೀರಿನ ಟ್ಯಾಂಕರಿಗೆ ಸಾಲು ನಿಂತವರ ಪಕ್ಕದಲ್ಲೇ ಲೈಟು ಮಿಣುಕಿಸುತ್ತಾ ಹೋಗ್ತೀವಿ. ಒಂದು ಸಲವೂ ಯಾವೂರು ಅಂತ ಕೇಳಿಲ್ಲ.

ಕುಂಟುತ್ತಾ ಮನೆ ಕಡೆ ತಿರುಗಿದೆ. ಕೊಟ್ಟೂರಿಂದ ನಮ್ಮೂರಿಗೆ ಬರೋ ದಾರಿ ನನ್ನ ಮ್ಯಾಪಿನಲ್ಲಿ ಎಲ್ಲಕ್ಕಿಂತ ಹಸಿರು. ಈ ದಾರಿ ನನ್ನ ತಂಗಿಯದು. 2006ರಲ್ಲಿ ಸರಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡೋಕೆ ಶುರು ಮಾಡಿದಾಗ ಅವಳಿಗೂ ಬಂತು. ಐದು ಕಿಲೋಮೀಟರ್ ಆಚೆಯ ಹೈಸ್ಕೂಲಿಗೆ ಮೂರು ವರ್ಷ ತುಳಿದಳು. ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ಜಾಸ್ತಿ ಅಂಕ. ಪಿಯುಸಿಗೆ ಕೊಟ್ಟೂರಿಗೆ ಹೋಗಬೇಕು. ಸೈಕಲ್ಲಿಗೆ ದೂರ, ಬಸ್ಸು ಬಂದರೆ ಬಂತು. ಎರಡು ತಿಂಗಳು ಹೋದಳು. ಒಂದು ಸಂಜೆ ಬಸ್ಸು ಬರಲಿಲ್ಲ, ಯಾವ ಗಾಡಿಯೂ ಸಿಗಲಿಲ್ಲ, ನಡೆದು ಮನೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಮರುದಿನದಿಂದ ಕಾಲೇಜು ಬಂದ್. ನನ್ನನ್ನ ಹಾಸ್ಟೆಲ್ಲಿಗೆ ಹಾಕಿದ್ದರು, ಗಂಡು ಹುಡುಗ. ಅವಳನ್ನ ಹಾಕೋ ಮಾತು ಬರಲೇ ಇಲ್ಲ. ಬರಲಿಲ್ಲ ಅನ್ನೋದು ಅರ್ಧ ಸತ್ಯ, ನಾನೂ ಎತ್ತಲಿಲ್ಲ. ಆಗ ನಾನು ಇಂಜಿನಿಯರಿಂಗ್ ಎರಡನೇ ವರ್ಷ ಮುಗಿಸಿದ್ದೆ. ಅಪ್ಪ ನನ್ನ ಮಾತು ಕೇಳ್ತಿದ್ದ.

ಕ್ರಾಸಿನ ಕಟ್ಟೆ ಮೇಲೆ ಅಪ್ಪ ಕೂತಿದ್ದ. ಹಬ್ಬಕ್ಕೆ ತಂಗಿ ಇಬ್ಬರು ಮಕ್ಕಳನ್ನ ಕಟ್ಟಿಕೊಂಡು ಬರೋಳಿದ್ದಳು. ನನ್ನ ಮೊಣಕಾಲು ನೋಡಿದ, ಏನೂ ಕೇಳಲಿಲ್ಲ.

"ದಾರಿಯಾಗ ಎಷ್ಟು ಗಾಡಿ ಸಿಕ್ವು?"

"ನಾಕು. ಎರಡು ಬೈಕು, ಒಂದು ಟ್ರ್ಯಾಕ್ಟರು, ಒಂದು ಆಟೋ."

"ಹಂಗಾರ ಬಸ್ಸು ಇನ್ನೂ ಹೊಂಟಿಲ್ಲ" ಅಂದ. ಸೈಕಲ್ ಅವನ ಕೈಗೆ ಕೊಟ್ಟು, ಬೈಕ್ ತಗೊಂಡು ಕೊಟ್ಟೂರಿಗೆ ಹೋಗಿ ಅವರನ್ನ ಕರ್ಕೊಂಡು ಬಂದೆ.

ರಾತ್ರಿ ಊಟ ಆದ ಮೇಲೆ ತಂಗಿ ಮೊಬೈಲಿನಲ್ಲಿ ಮ್ಯಾಪ್ ನೋಡಿದಳು. ಬಣ್ಣಗಳ ಅರ್ಥ ಹೇಳಿದೆ. ಹಸಿರು ಗೆರೆಯ ಮೇಲೆ ಬೆರಳಿಟ್ಟು ನಮ್ಮೂರವರೆಗೆ ಎಳೆದುಕೊಂಡು ಬಂದು, "ಇದಕ್ಕ ಹಸಿರು ಹಚ್ಚೀಯಲ್ಲೋ ಅಣ್ಣ" ಅಂತ ನಕ್ಕಳು. ಆಮೇಲೆ ಮಗಳನ್ನ ಮಲಗಿಸೋಕೆ ಎದ್ದು ಹೋದಳು.

ಫೈಲು ಕಳಿಸಿದೀನಿ. ತೇರು ಮುಗಿದ ಮೇಲೆ ಆರು ಜನ ಬರ್ತಾರಂತೆ. ಹುರುಳಿ ಹಾಸೋ ತಿರುವುಗಳನ್ನ ಗುರುತು ಮಾಡಿ, ಅಲ್ಲಿ ಇಳಿದು ತಳ್ಳಿಕೊಂಡು ಹೋಗಿ ಅಂತ ಬರೆದಿದೀನಿ.